ಸಾವು, ಆತ್ಮ, ದೆವ್ವ: ಬೈಬಲ್ ಏನು ಹೇಳುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮ್ಮ ತೀರಿಕೊಂಡ ವಾರ ನಾನು ಬೈಬಲ್ ಹಿಡಿದು ಕೂತದ್ದು ಒಂದೇ ಒಂದು ವಿಷಯ ತಿಳಿಯಲು. ಅಮ್ಮ ಈಗ ಎಲ್ಲಿ? ಆ ಹುಡುಕಾಟ ವರ್ಷಗಟ್ಟಲೆ ನಡೆಯಿತು. ಆಮೇಲೆ ಬೈಬಲ್ ಅಧ್ಯಯನಕ್ಕೆ ಸೇರುವವರೂ ಇದೇ ಪ್ರಶ್ನೆಗಳನ್ನ ತರತೊಡಗಿದರು. ಜಾಸ್ತಿ ಕೇಳಿದವನ್ನ ಇಲ್ಲಿ ಬರೆದಿದ್ದೇನೆ. ಕ್ರೈಸ್ತ ಸಭೆಗಳ ನಡುವೆ ಒಮ್ಮತ ಇಲ್ಲದ ಕಡೆ ಅದನ್ನ ಹೇಳಿದ್ದೇನೆ. ನನಗೆ ಯಾವುದು ಸರಿ ಅನ್ನಿಸಿತು ಅನ್ನುವುದನ್ನೂ ಮುಚ್ಚಿಟ್ಟಿಲ್ಲ.

ಸಾವು ಯಾಕೆ ಬಂತು? ಅದು ಸಹಜ ಅಲ್ವಾ?

ದಿನಾ ನೋಡುವುದರಿಂದ ಸಹಜ ಅನ್ನಿಸುತ್ತದೆ. ಬೈಬಲ್ ಹಾಗೆ ಹೇಳುವುದಿಲ್ಲ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಎರಡನೇ ಅಧ್ಯಾಯದಲ್ಲಿ ದೇವರು ನೆಲದ ಮಣ್ಣಿನಿಂದ ಮನುಷ್ಯನನ್ನು ಮಾಡಿ, ಮೂಗಿನಲ್ಲಿ ಉಸಿರು ಊದುತ್ತಾರೆ. ಬೈಬಲಿನ ಮೊದಲ ಭಾಗವಾದ ಹಳೆ ಒಡಂಬಡಿಕೆಯ ಮೂಲ ಭಾಷೆ ಇಬ್ರಿಯದಲ್ಲಿ ಮನುಷ್ಯನಿಗೆ ‘ಆದಾಮ್’, ನೆಲಕ್ಕೆ ‘ಅದಾಮಾ’. ಹೆಸರಲ್ಲೇ ಮಣ್ಣಿದೆ. ಮೂರನೇ ಅಧ್ಯಾಯದಲ್ಲಿ ಆಜ್ಞೆ ಮೀರಿದ ಮೇಲೆ, ನೀನು ಮಣ್ಣು, ಮಣ್ಣಿಗೇ ಸೇರುತ್ತೀ ಅನ್ನುವ ತೀರ್ಪು ಬರುತ್ತದೆ. ಒಬ್ಬ ಮನುಷ್ಯನಿಂದ ಪಾಪ ಲೋಕಕ್ಕೆ ಬಂತು, ಪಾಪದಿಂದ ಮರಣ ಬಂತು ಅಂತ ಯೇಸುವಿನ ಸುದ್ದಿ ಸಾರಿದ ಅಪೊಸ್ತಲ ಪೌಲ ಬರೆಯುತ್ತಾನೆ (ರೋಮ 5:12).

ಅದೇ ಪೌಲ ಸಾವಿಗೆ ಇಟ್ಟ ಹೆಸರು ‘ಕಡೆಯ ಶತ್ರು’ (1 ಕೊರಿಂಥ 15:26). ಸಾವಿನ ಮನೆಯಲ್ಲಿ ‘ದೇವರಿಗೆ ಬೇಕಾಗಿದ್ದರು, ಕರ್ಕೊಂಡ್ರು’ ಅಂತ ಸಮಾಧಾನ ಹೇಳುತ್ತಾರೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಬೈಬಲ್ ಸಾವನ್ನ ದೇವರ ಕಡೆಯವನು ಅಂತ ಕರೆಯುವುದಿಲ್ಲ. ಶತ್ರು ಅಂತಲೇ ಕರೆಯುತ್ತದೆ. ಅಮ್ಮನ ಹಾಸಿಗೆ ಖಾಲಿಯಾದ ದಿನ ನನಗೆ ಅನ್ನಿಸಿದ್ದೂ ಅದೇ. ನನ್ನ ಸಂಕಟವನ್ನ ಬೈಬಲ್ ಸುಳ್ಳು ಮಾಡಲಿಲ್ಲ.

ಆತ್ಮ ಅಂದರೆ ಬೈಬಲಿನಲ್ಲಿ ಏನರ್ಥ?

ಅರ್ಧ ಗೊಂದಲ ಹುಟ್ಟುವುದೇ ಇಲ್ಲಿ. ನಮಗೆ ‘ಆತ್ಮ’ ಅಂದ ತಕ್ಷಣ ದೇಹದೊಳಗೆ ಕೂತಿರುವ, ಸಾವಿಲ್ಲದ ಒಂದು ವಸ್ತು ಮನಸ್ಸಿಗೆ ಬರುತ್ತದೆ. ಮೂಲ ಭಾಷೆಗಳಲ್ಲಿ ಇರುವುದು ಬೇರೆ ಬೇರೆ ಪದಗಳು, ಅವುಗಳ ಅರ್ಥವೂ ಬೇರೆ.

ಇಬ್ರಿಯದ ‘ನೆಫೆಶ್’ ಒಂದು ಪದ. ಪ್ರಾಣ, ಜೀವ, ಬದುಕಿರುವ ಪ್ರಾಣಿ, ಕೆಲವು ಕಡೆ ಗಂಟಲು ಅಂತಲೂ ಅರ್ಥ. ದೇವರು ಉಸಿರೂದಿದಾಗ ಮನುಷ್ಯ ಜೀವವುಳ್ಳ ನೆಫೆಶ್ ಆದ ಅಂತ ಆದಿಕಾಂಡ 2:7 ಹೇಳುತ್ತದೆ. ಅವನಿಗೆ ನೆಫೆಶ್ ಕೊಟ್ಟರು ಅಂತ ಅಲ್ಲ, ಅವನೇ ನೆಫೆಶ್ ಆದ. ಮೊದಲನೇ ಅಧ್ಯಾಯದಲ್ಲಿ ನೀರಿನಲ್ಲಿ ಈಜುವ ಜೀವಿಗಳಿಗೂ ಇದೇ ಪದ ಇದೆ. ಪಾಪ ಮಾಡುವ ಪ್ರಾಣವೇ ಸಾಯುವುದು ಅಂತ ಯೆಹೆಜ್ಕೇಲ 18:4ರಲ್ಲಿ ಓದುತ್ತೇವಲ್ಲ, ಅಲ್ಲಿಯೂ ನೆಫೆಶ್.

ಇನ್ನೊಂದು ಪದ ‘ರೂಆಹ್’. ಗಾಳಿ, ಉಸಿರು, ಆತ್ಮ, ಮೂರಕ್ಕೂ ಒಂದೇ ಪದ. ದೇವರ ಆತ್ಮಕ್ಕೂ ಇದೇ, ಸಂಜೆಯ ತಂಗಾಳಿಗೂ ಇದೇ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ನೆಫೆಶ್‌ಗೆ ‘ಪ್ಸುಖೆ’, ರೂಆಹ್‌ಗೆ ‘ಪ್ನ್ಯೂಮ’ ಬಂದಿವೆ.

ಪ್ರಸಂಗಿ 12:7ರಲ್ಲಿ, ಮಣ್ಣು ಭೂಮಿಗೆ ಸೇರುತ್ತದೆ, ಆತ್ಮ ಅದನ್ನು ಕೊಟ್ಟ ದೇವರ ಬಳಿಗೆ ಹೋಗುತ್ತದೆ ಅಂತಿದೆ. ಅಲ್ಲಿರುವುದು ರೂಆಹ್. ಆದಿಕಾಂಡದಲ್ಲಿ ದೇವರು ಮಾಡಿದ್ದು ಅಲ್ಲಿ ಹಿಂದುಮುಂದಾಗಿ ನಡೆಯುತ್ತಿದೆ. ಕೊಟ್ಟ ಉಸಿರು ಕೊಟ್ಟವರ ಕೈ ಸೇರುತ್ತದೆ. ಶಿಲುಬೆಯ ಮೇಲೆ ಯೇಸು ತಮ್ಮ ಆತ್ಮವನ್ನು ತಂದೆಯ ಕೈಗೆ ಒಪ್ಪಿಸುವಾಗಲೂ (ಲೂಕ 23:46) ಇದೇ ‘ಕೈ’ ಅನ್ನುವ ಮಾತಿದೆ.

ಸತ್ತವರು ಈಗ ಎಲ್ಲಿದ್ದಾರೆ? ಅವರಿಗೆ ಏನಾದರೂ ಗೊತ್ತಾಗುತ್ತಾ?

ಹಳೆ ಒಡಂಬಡಿಕೆ ಸತ್ತವರ ಸ್ಥಳಕ್ಕೆ ‘ಶೆಯೋಲ್’ ಅನ್ನುತ್ತದೆ. ಕನ್ನಡದಲ್ಲಿ ‘ಪಾತಾಳ’. ಸುಮಾರು 65 ಸಲ ಬರುತ್ತದೆ. ಒಳ್ಳೆಯವರು, ಕೆಟ್ಟವರು, ರಾಜರು, ಆಳುಗಳು ಎಲ್ಲರೂ ಅಲ್ಲಿಗೇ. ಮಗ ಯೋಸೇಫ ಸತ್ತ ಅಂತ ನಂಬಿದ ಯಾಕೋಬ, ಅಳುತ್ತಲೇ ಶೆಯೋಲ್‌ಗೆ ಮಗನ ಬಳಿಗೆ ಇಳಿದುಹೋಗುತ್ತೇನೆ ಅನ್ನುತ್ತಾನೆ. ಅದು ಬೆಂಕಿಯ ಜಾಗ ಅಂತ ಅವನ ತಲೆಯಲ್ಲಿ ಇರಲಿಲ್ಲ. ಅದು ಮೌನದ ಜಾಗ. ಸತ್ತವರಿಗೆ ಯಾವ ತಿಳುವಳಿಕೆಯೂ ಇಲ್ಲ ಅಂತ ಪ್ರಸಂಗಿ 9:5 ನೇರವಾಗಿ ಹೇಳುತ್ತದೆ. ಉಸಿರು ಹೋದ ದಿನವೇ ಮನುಷ್ಯನ ಯೋಚನೆಗಳು ಮುಗಿಯುತ್ತವೆ ಅಂತ ಕೀರ್ತನೆ 146:4 ಹೇಳುತ್ತದೆ. ಲಾಜರ ಸತ್ತಾಗ ಯೇಸು ಶಿಷ್ಯರಿಗೆ ಹೇಳಿದ್ದು, ನಮ್ಮ ಗೆಳೆಯ ನಿದ್ದೆ ಮಾಡುತ್ತಿದ್ದಾನೆ, ಎಬ್ಬಿಸಲು ಹೋಗುತ್ತೇನೆ ಅಂತ.

ಇನ್ನೊಂದು ಬಗೆಯ ವಚನಗಳೂ ಇವೆ. ದೇಹವನ್ನು ಬಿಟ್ಟು ಕರ್ತನ ಬಳಿಯಲ್ಲಿ ಇರುವುದೇ ತನಗೆ ಇಷ್ಟ ಅಂತ ಪೌಲ ಬರೆದಿದ್ದಾನೆ (2 ಕೊರಿಂಥ 5:8). ಪ್ರಕಟನೆ 6ರಲ್ಲಿ ಕೊಲೆಯಾದವರ ಆತ್ಮಗಳು ಬಲಿಪೀಠದ ಕೆಳಗಿನಿಂದ ‘ಎಲ್ಲಿಯ ತನಕ?’ ಅಂತ ಕೂಗುತ್ತವೆ.

ಈ ಎರಡನ್ನೂ ಕೂಡಿಸುವುದರಲ್ಲೇ ಸಭೆಗಳು ಬೇರೆಯಾದವು. ಕ್ಯಾಥೋಲಿಕ್, ಆರ್ಥೊಡಾಕ್ಸ್ ಸಭೆಗಳು ಮತ್ತು ಹೆಚ್ಚಿನ ಪ್ರೊಟೆಸ್ಟಂಟ್ ಸಭೆಗಳು ಸತ್ತ ಮೇಲೂ ಆತ್ಮಕ್ಕೆ ಎಚ್ಚರ ಇರುತ್ತದೆ ಅನ್ನುತ್ತವೆ. ಸೆವೆಂತ್ ಡೇ ಅಡ್ವೆಂಟಿಸ್ಟರು ಮತ್ತು ಯೆಹೋವನ ಸಾಕ್ಷಿಗಳು ಪುನರುತ್ಥಾನದ, ಅಂದರೆ ಸತ್ತವರು ಎದ್ದುಬರುವ ದಿನದ ತನಕ ಎಚ್ಚರವೇ ಇಲ್ಲ ಅನ್ನುತ್ತಾರೆ. ಪ್ರೊಟೆಸ್ಟಂಟ್ ಸಭೆಗಳು ಹುಟ್ಟಿದ ಸುಧಾರಣೆಯ ಕಾಲದಲ್ಲೂ ಇದೇ ಚರ್ಚೆ ಇತ್ತು. ಸುಧಾರಕ ಲೂಥರ್ ಸಾವನ್ನ ಎಷ್ಟೋ ಕಡೆ ನಿದ್ದೆ ಅಂತ ಬರೆದರು. ಆತ್ಮ ನಿದ್ದೆ ಮಾಡುತ್ತದೆ ಅನ್ನುವುದರ ವಿರುದ್ಧ ಇನ್ನೊಬ್ಬ ಸುಧಾರಕ ಕಾಲ್ವಿನ್ 1534ರಲ್ಲೇ ಬರೆದರು.

ನನಗನ್ನಿಸುವುದು ಇಷ್ಟು. ಸಾವಿಗೂ ಪುನರುತ್ಥಾನಕ್ಕೂ ನಡುವಿನ ಹೊತ್ತಿನ ಬಗ್ಗೆ ಬೈಬಲ್ ಕಡಿಮೆ ಮಾತಾಡುತ್ತದೆ, ಎಬ್ಬಿಸುವ ದಿನದ ಬಗ್ಗೆ ಜಾಸ್ತಿ. ಗಾಢ ನಿದ್ದೆ ಮಾಡಿದವರಿಗೆ ಕಣ್ಣು ಮುಚ್ಚಿದ್ದಕ್ಕೂ ತೆರೆದದ್ದಕ್ಕೂ ನಡುವೆ ಎಷ್ಟು ಹೊತ್ತಾಯಿತು ಅಂತ ಗೊತ್ತೇ ಆಗುವುದಿಲ್ಲ. ನಾನು ನಿದ್ದೆಯ ಕಡೆ ವಾಲುತ್ತೇನೆ. ನಿಮ್ಮ ಸಭೆ ಬೇರೆ ಹೇಳಿದರೆ ಜಗಳಕ್ಕೆ ಬರುವುದಿಲ್ಲ. ಅಮ್ಮ ದೇವರ ಕೈಯಲ್ಲಿದ್ದಾರೆ ಅನ್ನುವುದನ್ನ ಎರಡೂ ಕಡೆಯವರು ಒಪ್ಪುತ್ತಾರೆ.

ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ಯೇಸು ‘ಇಂದೇ’ ಪರದೈಸಿನಲ್ಲಿರುವಿ (ಸ್ವರ್ಗದ ತೋಟದಲ್ಲಿರುವಿ) ಅಂದರಲ್ಲ?

ಲೂಕ 23:43. ಹಳೆಯ ಗ್ರೀಕ್ ಕೈಬರಹಗಳಲ್ಲಿ ಈಗಿನ ಹಾಗೆ ಅಲ್ಪವಿರಾಮ ಹಾಕುತ್ತಿರಲಿಲ್ಲ. ಆದ್ದರಿಂದ ‘ಇಂದು ನಿನಗೆ ಹೇಳುತ್ತೇನೆ’ ಅಂತಲೂ, ‘ಇಂದು ನನ್ನ ಸಂಗಡ ಇರುವಿ’ ಅಂತಲೂ ಓದಲು ಜಾಗ ಇದೆ. ಹೆಚ್ಚಿನ ಅನುವಾದಗಳು ಎರಡನೆಯದನ್ನ ಹಿಡಿದಿವೆ. ಇದೊಂದೇ ವಚನದ ಮೇಲೆ ಇಡೀ ಸಿದ್ಧಾಂತ ಕಟ್ಟಬಾರದು, ಕೆಡವಲೂಬಾರದು.

ಐಶ್ವರ್ಯವಂತ ಮತ್ತು ಭಿಕ್ಷುಕ ಲಾಜರನ ಕಥೆ?

ಲೂಕ 16ರಲ್ಲಿ ಐಶ್ವರ್ಯವಂತ ಸತ್ತು ಉರಿಯಲ್ಲಿ ಬೇಯುತ್ತಾನೆ, ಲಾಜರ (ಯೇಸು ಎಬ್ಬಿಸಿದ ಲಾಜರ ಬೇರೆ, ಇವನು ಬೇರೆ) ಮೂಲಪಿತೃ ಅಬ್ರಹಾಮನ ಎದೆಗೆ ಒರಗಿರುತ್ತಾನೆ. ಇದು ಸತ್ತವರ ಲೋಕದ ನಕ್ಷೆಯಾ, ಸಾಮ್ಯವಾ (ಪಾಠ ಕಲಿಸಲು ಹೇಳಿದ ಕಥೆಯಾ)? ಸಾಮ್ಯ ಅಂತ ಓದುವವರೇ ಹೆಚ್ಚು, ನಾನೂ ಹಾಗೇ ಓದುತ್ತೇನೆ. ಕಥೆಯ ಪೆಟ್ಟು ಬೀಳುವುದು ಬಾಗಿಲಲ್ಲಿ ಹುಣ್ಣು ತುಂಬಿಕೊಂಡು ಬಿದ್ದಿದ್ದವನನ್ನ ದಿನಾ ದಾಟಿಕೊಂಡು ಹೋದ ಮನುಷ್ಯನ ಮೇಲೆ. ಸತ್ತವರೊಳಗಿಂದ ಒಬ್ಬನನ್ನ ಅಣ್ಣತಮ್ಮಂದಿರ ಹತ್ತಿರ ಕಳಿಸಿ ಅಂತ ಅವನು ಬೇಡಿದಾಗ, ಅಬ್ರಹಾಮ ಒಪ್ಪುವುದಿಲ್ಲ ಅನ್ನುವುದನ್ನೂ ಗಮನಿಸಿ.

ನರಕ ಅಂದರೆ?

ಯೇಸು ಬಳಸಿದ ಪದ ‘ಗೆಹೆನ್ನ’. ಹೊಸ ಒಡಂಬಡಿಕೆಯಲ್ಲಿ 12 ಸಲ ಬರುತ್ತದೆ. 11 ಸಲ ಯೇಸುವಿನ ಬಾಯಲ್ಲಿ, ಒಮ್ಮೆ ಯಾಕೋಬನ ಪತ್ರದಲ್ಲಿ. ಅದು ಒಂದು ನಿಜವಾದ ಜಾಗದ ಹೆಸರು. ಯೆರೂಸಲೇಮಿನ ದಕ್ಷಿಣಕ್ಕಿರುವ ಹಿನ್ನೋಮ್ ಕಣಿವೆ. ಅಲ್ಲಿ ಜನ ತಮ್ಮ ಮಕ್ಕಳನ್ನೇ ಬೆಂಕಿಗೆ ಅರ್ಪಿಸಿದ್ದರು. ಅರಸ ಯೋಷೀಯ ಆ ಜಾಗವನ್ನ ಹೊಲೆಮಾಡಿ ಅದನ್ನ ನಿಲ್ಲಿಸಿದ (2 ಅರಸು 23:10). ಇದು ನನ್ನ ಕೈಗೆ ಅಂಟಿಕೊಂಡ ಕಲ್ಲಿನ ಹಾಗೆ, ಬಿಡುವುದೇ ಇಲ್ಲ. ನರಕಕ್ಕೆ ಹೆಸರು ಬಂದದ್ದೇ ಮನುಷ್ಯರು ಮಕ್ಕಳಿಗೆ ಮಾಡಿದ ಕ್ರೌರ್ಯದ ಜಾಗದಿಂದ.

ಅಲ್ಲಿ ಶಿಕ್ಷೆ ಎಂದೆಂದಿಗೂ ನಡೆಯುತ್ತದಾ, ಪೂರ್ತಿ ನಾಶವಾ? ಮೊದಲನೆಯದು ಬಹುಪಾಲು ಸಭೆಗಳ ನಂಬಿಕೆ. ಎರಡನೆಯದಕ್ಕೆ ಮತ್ತಾಯ 10:28 ತೋರಿಸುತ್ತಾರೆ. ಅಲ್ಲಿ ಆತ್ಮ, ದೇಹ ಎರಡನ್ನೂ ನಾಶಮಾಡುವ ಮಾತಿದೆ.

ಸತ್ತವರ ಜೊತೆ ಮಾತಾಡಿಸುತ್ತೇವೆ ಅನ್ನುವವರ ಹತ್ತಿರ ಹೋಗಬಹುದಾ?

ಬೇಡ. ಇಲ್ಲಿ ಬೈಬಲ್ ಒಂದಿಷ್ಟೂ ತಡವರಿಸುವುದಿಲ್ಲ. ಸತ್ತವರಲ್ಲಿ ವಿಚಾರಿಸುವವರ ಹತ್ತಿರ, ಬೇತಾಳಿಕರ ಹತ್ತಿರ ಹೋಗಬೇಡಿ ಅಂತ ಯಾಜಕಕಾಂಡ 19:31 ಹೇಳುತ್ತದೆ. ಧರ್ಮೋಪದೇಶಕಾಂಡ 18ರಲ್ಲಿ ಕಣಿ, ಮಾಟ, ಶಕುನ ಎಲ್ಲದರ ಪಟ್ಟಿಯೇ ಇದೆ. ಬದುಕಿರುವವರಿಗಾಗಿ ಸತ್ತವರನ್ನ ಕೇಳುವುದಾ ಅಂತ ಯೆಶಾಯ 8:19 ಪ್ರಶ್ನೆ ಹಾಕುತ್ತದೆ.

ಹೋದವನೊಬ್ಬನ ಕಥೆ 1 ಸಮುವೇಲ 28ರಲ್ಲಿದೆ. ನಿಧಾನವಾಗಿ ಓದಿ. ಫಿಲಿಷ್ಟಿಯರ ದಂಡು ಎದುರು ಬಂದು ಕೂತಿದೆ. ದೇವರು ಅರಸ ಸೌಲನಿಗೆ ಉತ್ತರ ಕೊಡುತ್ತಿಲ್ಲ. ಪ್ರವಾದಿ ಸಮುವೇಲ ತೀರಿಕೊಂಡಿದ್ದಾನೆ. ಇಂಥವರನ್ನ ದೇಶದಿಂದ ಓಡಿಸಿದ್ದ ಸೌಲನೇ ರಾತ್ರಿ ವೇಷ ಮರೆಸಿ, ಇಬ್ಬರನ್ನ ಕರೆದುಕೊಂಡು ಎಂದೋರಿನ ಹೆಂಗಸಿನ ಮನೆಗೆ ಹೋಗುತ್ತಾನೆ. ನಿಲುವಂಗಿ ಹೊದ್ದ ಮುದುಕ ನೆಲದಿಂದ ಏರಿ ಬರುತ್ತಿದ್ದಾನೆ ಅಂತ ಅವಳು ಹೇಳುತ್ತಾಳೆ. ಸಿಗುವ ಸುದ್ದಿ ಒಂದೇ: ನಾಳೆ ನೀನೂ ನಿನ್ನ ಮಕ್ಕಳೂ ಸಾಯುತ್ತೀರಿ. ಹಗಲು ರಾತ್ರಿ ಏನೂ ತಿನ್ನದ ಸೌಲ ಉದ್ದಕ್ಕೆ ನೆಲಕ್ಕೆ ಬೀಳುತ್ತಾನೆ. ಆ ಹೆಂಗಸೇ ಕರು ಕಡಿದು, ಹಿಟ್ಟು ನಾದಿ, ಹುಳಿಯಿಲ್ಲದ ರೊಟ್ಟಿ ಸುಟ್ಟು ಅವನಿಗೆ ಉಣಿಸುತ್ತಾಳೆ.

ಬಂದದ್ದು ನಿಜವಾಗಿ ಸಮುವೇಲನಾ, ಮೋಸವಾ? ಎರಡೂ ಕಡೆ ವಾದ ಇದೆ. ಪಠ್ಯ ಅವನನ್ನ ಸಮುವೇಲ ಅಂತಲೇ ಕರೆಯುತ್ತದೆ. ಆದರೆ ಸೌಲನಿಗೆ ಸಮಾಧಾನವಂತೂ ಸಿಗಲಿಲ್ಲ. ಅವನ ಸಾವಿಗೆ ಕಾರಣ ಹೇಳುವಾಗ 1 ಪೂರ್ವಕಾಲವೃತ್ತಾಂತ 10:13 ಇದನ್ನೂ ಎಣಿಸುತ್ತದೆ.

ಇಂಥ ಕಡೆ ಹೋದವರನ್ನ ನಾನು ಬೈಯುವುದಿಲ್ಲ. ಅಷ್ಟು ನೆನಪಾಗದೆ ಯಾರೂ ಹೋಗುವುದಿಲ್ಲ. ಒಂದು ಮಾತು ಕೇಳಬೇಕು ಅನ್ನುವ ಆಸೆ ನನಗೂ ಗೊತ್ತು. ಆ ಆಸೆಯನ್ನ ಬೇರೆಯವರು ದುಡ್ಡು ಮಾಡಿಕೊಳ್ಳಬಾರದು.

ದೆವ್ವ ಅಂದರೆ ಸತ್ತವರ ಆತ್ಮನಾ?

ಬೈಬಲ್ ಪ್ರಕಾರ ಅಲ್ಲ. ಇಲ್ಲಿಯೂ ಭಾಷೆಯ ತೊಡಕಿದೆ. ಮಾತಿನಲ್ಲಿ ನಾವು ದೆವ್ವ ಅನ್ನುವುದು ಸತ್ತು ತಿರುಗಾಡುವವರಿಗೆ. ಯೇಸುವಿನ ಜೀವನ ಹೇಳುವ ಸುವಾರ್ತೆಗಳ ಕನ್ನಡ ಅನುವಾದದಲ್ಲಿ ‘ದೆವ್ವ’ ಅಂದರೆ ದೇವರ ವಿರುದ್ಧ ನಿಂತ ದುರಾತ್ಮ. ಅದು ಯಾವತ್ತೂ ಮನುಷ್ಯ ಆಗಿರಲಿಲ್ಲ. ಪಾಪ ಮಾಡಿದ ದೂತರ ಬಗ್ಗೆ 2 ಪೇತ್ರ 2:4 ಮತ್ತು ಯೂದನ ಪತ್ರ ಹೇಳುತ್ತವೆ. ಇಷ್ಟು ತಿಳಿದರೆ ಒಂದು ದೊಡ್ಡ ಭಯ ಕಳಚುತ್ತದೆ. ನಿಮ್ಮ ಅಜ್ಜಿ, ನಿಮ್ಮ ಗಂಡ, ನಿಮ್ಮ ಮಗು ಯಾರಿಗೂ ಕಾಟ ಕೊಡಲು ಬರುವುದಿಲ್ಲ.

ಮಾರ್ಕ 5ರಲ್ಲಿ ಸಮಾಧಿಗಳ ನಡುವೆ ಬದುಕುತ್ತಿದ್ದ ಒಬ್ಬ ಬರುತ್ತಾನೆ. ಸರಪಳಿ ಕಿತ್ತುಹಾಕುತ್ತಿದ್ದ. ರಾತ್ರಿ ಹಗಲು ಕೂಗುತ್ತಾ ಕಲ್ಲಿನಿಂದ ತನ್ನನ್ನೇ ಗಾಯಮಾಡಿಕೊಳ್ಳುತ್ತಿದ್ದ. ಹೆಸರು ಕೇಳಿದರೆ ‘ದಂಡು’ ಅನ್ನುತ್ತಾನೆ. ದೆವ್ವಗಳು ಸುಮಾರು 2000 ಹಂದಿಗಳೊಳಗೆ ಹೊಕ್ಕವು ಅನ್ನುವುದು ಎಲ್ಲರಿಗೂ ನೆನಪಿರುತ್ತದೆ. ನನಗೆ ಮುಖ್ಯ ಅದರ ಮುಂದಿನ ದೃಶ್ಯ. ಜನ ಬಂದು ನೋಡಿದಾಗ ಅವನು ಬಟ್ಟೆ ತೊಟ್ಟುಕೊಂಡು, ಬುದ್ಧಿ ಸ್ವಾಧೀನದಲ್ಲಿದ್ದು, ಸುಮ್ನೆ ಕೂತಿದ್ದಾನೆ. ಯೇಸು ಅವನನ್ನ ಮನೆಗೆ ಕಳಿಸುತ್ತಾರೆ.

ಒಂದು ಎಚ್ಚರಿಕೆ. ಎಲ್ಲ ಕಾಯಿಲೆಯನ್ನೂ ದೆವ್ವ ಅನ್ನಬೇಡಿ. ಮತ್ತಾಯ 4:24 ರೋಗಿಗಳನ್ನ, ಮೂರ್ಛೆ ಬರುವವರನ್ನ, ದೆವ್ವ ಹಿಡಿದವರನ್ನ ಬೇರೆ ಬೇರೆಯಾಗಿಯೇ ಹೆಸರಿಸುತ್ತದೆ. ಮಂಕು ಕವಿದವರಿಗೆ, ಇಲ್ಲದ ದನಿ ಕೇಳಿಸುವವರಿಗೆ ಡಾಕ್ಟರ್ ಬೇಕು. ಹೊಡೆಯುವುದು, ಕಟ್ಟಿಹಾಕುವುದು, ಉಪವಾಸ ಕೆಡವುವುದು ಯೇಸು ಮಾಡಿದ ಕೆಲಸ ಅಲ್ಲ. ಪ್ರಾರ್ಥನೆ ಮಾಡಿ, ಮಾತ್ರೆ ನಿಲ್ಲಿಸಬೇಡಿ.

ಒಳ್ಳೆಯವರು ಸತ್ತ ಮೇಲೆ ದೇವದೂತರಾಗುತ್ತಾರಾ?

ಇಲ್ಲ. ದೂತರು ಬೇರೆಯೇ ಸೃಷ್ಟಿ. ಇಬ್ರಿಯದ ‘ಮಲಾಖ್’, ಗ್ರೀಕಿನ ‘ಆಂಗೆಲೊಸ್’ ಎರಡಕ್ಕೂ ಸುದ್ದಿ ತರುವವನು ಅಂತ ಅರ್ಥ. ಸೇವೆಗೆ ಕಳಿಸಲ್ಪಟ್ಟ ಆತ್ಮಗಳು ಅಂತ ಇಬ್ರಿಯ 1:14 ಕರೆಯುತ್ತದೆ.

ತೀರಿಕೊಂಡವರು ಕನಸಿನಲ್ಲಿ ಬರುತ್ತಾರೆ. ಏನರ್ಥ?

ನೀವು ಅವರನ್ನ ಪ್ರೀತಿಸಿದ್ದಿರಿ ಅಂತ. ನನಗೆ ಈಗಲೂ ಅಡುಗೆಮನೆ ಕಡೆಯಿಂದ ಅಮ್ಮ ಕರೆದ ಹಾಗಾಗುತ್ತದೆ. ಅದನ್ನ ಸಂದೇಶ ಅಂತ ಬಿಡಿಸಲು ಹೋಗುವುದಿಲ್ಲ, ಹೆದರುವುದೂ ಇಲ್ಲ.

ಬೈಬಲಿನಲ್ಲಿ ಪುನರ್ಜನ್ಮ ಇದೆಯಾ?

ಮನುಷ್ಯ ಒಂದೇ ಸಾರಿ ಸಾಯುತ್ತಾನೆ, ಆಮೇಲೆ ನ್ಯಾಯತೀರ್ಪು ಅಂತ ಇಬ್ರಿಯ 9:27 ಹೇಳುತ್ತದೆ. ಯೇಸುವಿಗೆ ಮುಂಚೆ ಬಂದ ಸ್ನಾನಿಕನಾದ ಯೋಹಾನ ಹಳೆಯ ಪ್ರವಾದಿ ಎಲೀಯನೇ ಮತ್ತೆ ಹುಟ್ಟಿದ್ದು ಅಲ್ವಾ ಅಂತ ಕೇಳುತ್ತಾರೆ. ಎಲೀಯನ ಮನೋಭಾವ, ಶಕ್ತಿಯಿಂದ ಬರುವವನು ಅಂತ ಲೂಕ 1:17 ಬಿಡಿಸಿ ಹೇಳುತ್ತದೆ. ನೀನು ಎಲೀಯನೋ ಅಂತ ಕೇಳಿದಾಗ ಯೋಹಾನನೇ ಅಲ್ಲ ಅಂದ.

ಸತ್ತವರಿಗಾಗಿ ಪ್ರಾರ್ಥನೆ ಮಾಡಬಹುದಾ?

ಕ್ಯಾಥೋಲಿಕರು, ಆರ್ಥೊಡಾಕ್ಸರು ಮಾಡುತ್ತಾರೆ. ಯುದ್ಧದಲ್ಲಿ ಬಿದ್ದ ಸೈನಿಕರಿಗಾಗಿ ಯೆಹೂದ್ಯರ ನಾಯಕ ಯೂದ ಮಕ್ಕಬಿ ಹಣ ಕೂಡಿಸಿ ಯೆರೂಸಲೇಮಿಗೆ ಬಲಿಗೆಂದು ಕಳಿಸಿದ್ದು 2 ಮಕ್ಕಬಿಯ 12ರಲ್ಲಿದೆ. ಆ ಪುಸ್ತಕ ಪ್ರೊಟೆಸ್ಟಂಟ್ ಬೈಬಲಿನಲ್ಲಿ ಇಲ್ಲ. 1517ರಲ್ಲಿ ಲೂಥರ್ ಎತ್ತಿದ ತಕರಾರಿನಲ್ಲಿ, ಶುದ್ಧೀಕರಣದಲ್ಲಿರುವ (ಸ್ವರ್ಗಕ್ಕೆ ಮುಂಚೆ ಪಾಪ ತೊಳೆಯುವ ಸ್ಥಿತಿ ಅಂತ ಕ್ಯಾಥೋಲಿಕರು ನಂಬುವುದು) ಆತ್ಮಗಳ ಹೆಸರಲ್ಲಿ ಹಣ ತೆಗೆದುಕೊಳ್ಳುವುದೂ ಇತ್ತು. ಹೆಚ್ಚಿನ ಪ್ರೊಟೆಸ್ಟಂಟರು ತೀರಿಕೊಂಡವರಿಗಾಗಿ ದೇವರಿಗೆ ಕೃತಜ್ಞತೆ ಹೇಳುತ್ತಾರೆ, ಉಳಿದವರಿಗಾಗಿ ಬೇಡುತ್ತಾರೆ.

ಹೂಳಬೇಕಾ, ಸುಡಬಹುದಾ?

ಬೈಬಲಿನಲ್ಲಿ ಹೂಳುವುದೇ ರೂಢಿ. ಹೆಂಡತಿ ಸಾರಳಿಗಾಗಿ ಅಬ್ರಹಾಮ ಮಕ್ಪೇಲದ ಗವಿಯನ್ನ 400 ಶೆಕೆಲ್ ಬೆಳ್ಳಿ ತೂಗಿ ಕೊಂಡ. ಸುಡಬಾರದು ಅನ್ನುವ ಆಜ್ಞೆ ಇಲ್ಲ. ಸೌಲನ ದೇಹವನ್ನ ಯಾಬೇಷ್ ಊರಿನವರು ಸುಟ್ಟು ಎಲುಬು ಹೂಳಿದರು. ಕ್ಯಾಥೋಲಿಕ್ ಸಭೆ 1963ರಲ್ಲಿ ಸುಡಲು ಅನುಮತಿ ಕೊಟ್ಟಿತು. ಮಣ್ಣಿನಿಂದ ಮಾಡಿದವರಿಗೆ ಬೂದಿಯಿಂದ ಎಬ್ಬಿಸುವುದು ಕಷ್ಟವಾ?

ಆತ್ಮಹತ್ಯೆ ಮಾಡಿಕೊಂಡವರಿಗೆ ಕ್ಷಮೆಯೇ ಇಲ್ಲವಾ?

ಹಾಗೆ ಹೇಳುವ ವಚನ ಬೈಬಲಿನಲ್ಲಿ ಇಲ್ಲ. ಜೀವ ದೇವರದು, ತೆಗೆದುಕೊಳ್ಳಬಾರದು ಅನ್ನುವುದು ನಿಜ. ಆದರೆ ಮರಣವಾಗಲಿ ಜೀವವಾಗಲಿ ದೇವರ ಪ್ರೀತಿಯಿಂದ ನಮ್ಮನ್ನ ಅಗಲಿಸಲಾರದು ಅಂತಲೂ ಪೌಲ ಬರೆದಿದ್ದಾನೆ (ರೋಮ 8:38-39). ಆ ಮನೆಯವರ ಮುಂದೆ ತೀರ್ಪು ಹೇಳುವ ಕೆಲಸ ನಮ್ಮದಲ್ಲ.

ಈಗ ಓದುತ್ತಿರುವ ನಿಮಗೇ ಸಾಯಬೇಕು ಅನ್ನಿಸುತ್ತಿದ್ದರೆ, 1 ಅರಸು 19 ನೋಡಿ. ಎಲೀಯ ಅರಣ್ಯದಲ್ಲಿ ಗಿಡದ ಕೆಳಗೆ ಕೂತು ‘ಸಾಕು’ ಅನ್ನುತ್ತಾನೆ. ದೇವರು ಬೈಯುವುದಿಲ್ಲ. ದೂತನು ಮುಟ್ಟಿ ಎಬ್ಬಿಸುತ್ತಾನೆ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದು ಮಲಗುತ್ತಾನೆ, ಮತ್ತೆ ಎಬ್ಬಿಸಿ ಉಣಿಸುತ್ತಾನೆ. ಇವತ್ತೇ ಒಬ್ಬರಿಗೆ ಹೇಳಿ. ಒಬ್ಬರೇ ಇರಬೇಡಿ.

ಚಿಕ್ಕ ಮಕ್ಕಳು ತೀರಿಕೊಂಡರೆ?

ಅರಸ ದಾವೀದನ ಕೂಸು ಕಾಯಿಲೆ ಬಿದ್ದಾಗ ಅವನು ಊಟ ಬಿಟ್ಟು ನೆಲದ ಮೇಲೆ ಮಲಗಿದ. ಏಳನೇ ದಿನ ಕೂಸು ಸತ್ತಿತು. ನಾನು ಅದರ ಬಳಿಗೆ ಹೋಗುವೆನು, ಅದು ನನ್ನ ಬಳಿಗೆ ಬರುವುದಿಲ್ಲ ಅಂದ (2 ಸಮುವೇಲ 12:23). ಈ ಮಾತನ್ನ ಹಿಡಿದುಕೊಂಡು ಎಷ್ಟೋ ತಂದೆ ತಾಯಂದಿರು ಬದುಕಿದ್ದಾರೆ.

ಸತ್ತು ಎದ್ದವರು ಅಲ್ಲಿ ಏನು ನೋಡಿದೆವು ಅಂದರು?

ಏನೂ ಹೇಳಲಿಲ್ಲ. ಯೇಸುವನ್ನ ಬಿಟ್ಟು, ಒಬ್ಬೊಬ್ಬರಾಗಿ ಎದ್ದವರ ಕಥೆ ಎಂಟು ಇವೆ. ಚಾರೆಪ್ತಾದ ವಿಧವೆಯ ಮಗ, ಶೂನೇಮಿನ ಹುಡುಗ, ಎಲೀಷನ ಎಲುಬು ತಾಗಿ ಎದ್ದವನು, ನಾಯಿನ್ ಊರಿನ ಯುವಕ, ಯಾಯಿರನ ಮಗಳು, ಲಾಜರ, ತಬಿಥ, ಯೂತಿಖ. ಶೂನೇಮಿನ ಹುಡುಗ ಏಳು ಸಲ ಸೀನಿ ಕಣ್ಣು ತೆರೆದ. ಲಾಜರ ನಾಲ್ಕು ದಿನ ಸಮಾಧಿಯಲ್ಲಿದ್ದ, ಸುವಾರ್ತೆಯಲ್ಲಿ ಅವನದು ಒಂದು ಮಾತೂ ಇಲ್ಲ. ಸ್ವರ್ಗ ಬಿಟ್ಟು ಬಂದೆ ಅಂತ ಯಾರೂ ನೊಂದುಕೊಳ್ಳಲಿಲ್ಲ. ನಾನು ನಿದ್ದೆಯ ಕಡೆ ವಾಲಲು ಇದೂ ಒಂದು ಕಾರಣ.

ಹಾಗಾದರೆ ಬೈಬಲಿನ ನಿರೀಕ್ಷೆ ಏನು?

ಪುನರುತ್ಥಾನ. ದೇಹ ಒಂದು ಸೆರೆಮನೆ, ಸಾವು ಅಂದರೆ ಬಿಡುಗಡೆ ಅನ್ನುವುದು ಗ್ರೀಕ್ ತತ್ವಜ್ಞಾನಿ ಪ್ಲೇಟೋನ ಯೋಚನೆ. ಅಥೇನೆಯಲ್ಲಿ ಪೌಲ ಸತ್ತವರು ಎದ್ದುಬರುವ ಮಾತೆತ್ತಿದಾಗ ಕೆಲವರು ಅಪಹಾಸ್ಯ ಮಾಡಿದ್ದು ಸುಮ್ನೆ ಅಲ್ಲ. ದೇಹ ಮತ್ತೆ ಯಾಕೆ ಬೇಕು ಅಂತ ಅವರಿಗೆ ಅನ್ನಿಸಿರಬೇಕು. ಪೌಲ ಕಾಳಿನ ಹೋಲಿಕೆ ಕೊಡುತ್ತಾನೆ. ಬಿತ್ತಿದ ಕಾಳು ಒಂದು, ಮೇಲೆ ಬರುವ ಪೈರು ಇನ್ನೊಂದು, ಆದರೂ ಅದೇ.

ಎದ್ದ ಯೇಸುವನ್ನ ನೋಡಿ ಶಿಷ್ಯರು ಭೂತ ಅಂತ ಹೆದರಿದರು. ಮುಟ್ಟಿ ನೋಡಿ, ಭೂತಕ್ಕೆ ಮಾಂಸ, ಎಲುಬು ಇರುವುದಿಲ್ಲ ಅಂತ ಯೇಸು ಅಂದರು. ಆಮೇಲೆ ‘ತಿನ್ನೋಕೆ ಏನಾದರೂ ಇದೆಯಾ?’ ಅಂತ ಕೇಳಿ, ಸುಟ್ಟ ಮೀನಿನ ತುಂಡನ್ನ ಅವರೆದುರೇ ತಿಂದರು (ಲೂಕ 24). ಯಾಯಿರನ ಹನ್ನೆರಡು ವರ್ಷದ ಮಗಳ ಕೈ ಹಿಡಿದು ‘ತಲಿಥಾ ಕೂಮ್’ ಅಂದಿದ್ದರಲ್ಲ, ಹುಡುಗಿ, ಏಳು ಅಂತ, ಆಗಲೂ ಹಾಗೇ. ಮನೆಯವರೆಲ್ಲ ಬೆರಗಾಗಿ ನಿಂತಿದ್ದಾಗ ಅವಳಿಗೆ ಊಟ ಕೊಡಿ ಅಂತ ನೆನಪಿಸಿದವರು ಅವರೇ. ನನ್ನ ಮಟ್ಟಿಗೆ ಪುನರುತ್ಥಾನ ಅಂದರೆ ಇದು. ಕೈ ಹಿಡಿದು ಎಬ್ಬಿಸುವುದು, ಹೆಸರು ಹಿಡಿದು ಕರೆಯುವುದು, ಒಟ್ಟಿಗೆ ಕೂತು ಉಣ್ಣುವುದು.

ನಂಬಿಕೆ ಇರುವವರು ಅಳುವುದು ತಪ್ಪಾ?

ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಅಂತ ಪೌಲ ಬರೆದ (1 ಥೆಸಲೊನೀಕ 4:13). ದುಃಖಿಸಲೇಬೇಡಿ ಅನ್ನಲಿಲ್ಲ. ಬೇಥಾನ್ಯದಲ್ಲಿ ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನ ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ, ಅವನ ಒಡಹುಟ್ಟಿದ ಮರಿಯ ಅಳುವುದನ್ನ ನೋಡಿ ಯೇಸು ಕಣ್ಣೀರು ಬಿಟ್ಟರು (ಯೋಹಾನ 11:35).

ಅಮ್ಮನ ಬೈಬಲ್ ಈಗ ನನ್ನ ಹತ್ತಿರ ಇದೆ. ಯೋಹಾನ 11ರ ಪುಟದ ಅಂಚು ಬೆರಳು ತಾಗಿ ತಾಗಿ ಬಟ್ಟೆಯ ಹಾಗೆ ಮೆತ್ತಗಾಗಿದೆ. 35ನೇ ವಚನದ ಕೆಳಗೆ ಪೆನ್ಸಿಲ್ ಗೆರೆ, ಪಕ್ಕದಲ್ಲಿ ಒಂದು ತಾರೀಖು. ಅಪ್ಪ ತೀರಿಕೊಂಡ ದಿನದ್ದು.